ಶಾಲೆ ಯಾರಿಗಾಗಿ ಕಲಿಸುತ್ತದೆ?



1867ರಲ್ಲಿ ಪ್ರಕಟವಾದ ‘ಬಂಡವಾಳ’ ಗ್ರಂಥದಲ್ಲಿ ಮಾರ್ಕ್ಸ್ ಇಂಗ್ಲೆಂಡಿನ ಕಾರ್ಖಾನೆ ತನಿಖಾಧಿಕಾರಿಗಳ ವರದಿಗಳಿಂದ ಒಂದು ಸಂಗತಿಯನ್ನು ಎತ್ತಿ ತೋರಿಸಿದ್ದಾರೆ. ದುಡಿಯುವ ಮಕ್ಕಳು ಶಾಲೆಗೂ ಹೋಗಬೇಕೆಂದು ಕಾನೂನು ವಿಧಿಸಿತ್ತು. ಅದಕ್ಕೆ ಹಾಜರಾತಿ ಪತ್ರವೇ ಪುರಾವೆ. 1844ರ ತಿದ್ದುಪಡಿಗೆ ಮುನ್ನ ಈ ಪತ್ರಗಳಿಗೆ ಎಷ್ಟೋ ಉಪಾಧ್ಯಾಯರು ಸಹಿಯ ಬದಲು ಕತ್ತರಿ ಗುರುತು ಹಾಕುತ್ತಿದ್ದರು. ಅವರಿಗೇ ಬರೆಯಲು ಬಾರದು! ಮಾಲೀಕನಿಗೆ ಬೇಕಾದದ್ದು ಮಗುವಿನ ಕೈ, ಕಾನೂನಿಗೆ ಕಾಗದ. ಆದರೂ ಮಾರ್ಕ್ಸ್ ಶಾಲೆಯನ್ನು ತಿರಸ್ಕರಿಸಲಿಲ್ಲ. ದುಡಿಮೆ, ಓದು, ಅಂಗಸಾಧನೆ ಮೂರೂ ಕೂಡಿದ ಶಿಕ್ಷಣವನ್ನು ಬಯಸಿದರು. ಅವರ ಅನುಯಾಯಿಗಳೇ ಇದನ್ನು ಮರೆಯುವುದುಂಟು.

ಅಮೆರಿಕದ ಬೌಲ್ಸ್ ಮತ್ತು ಗಿಂಟಿಸ್ 1976ರಲ್ಲಿ, ಪಾಠಕ್ಕಿಂತ ಶಾಲೆಯ ಶಿಸ್ತೇ ಮಕ್ಕಳನ್ನು ಕೂಲಿಯ ದುಡಿಮೆಗೆ ಒಗ್ಗಿಸುತ್ತದೆಂದರು. ಆದರೆ ಮಕ್ಕಳು ಜೇಡಿಮಣ್ಣಲ್ಲ. ಪಾಲ್ ವಿಲ್ಲಿಸ್ ಇಂಗ್ಲೆಂಡಿನ ಹನ್ನೆರಡು ಕಾರ್ಮಿಕ ಹುಡುಗರ ಒಡನಾಟದಲ್ಲಿದ್ದು 1977ರಲ್ಲಿ ಪುಸ್ತಕ ಬರೆದರು. ಆ ಹುಡುಗರು ಗುರುಗಳನ್ನು ಗೇಲಿ ಮಾಡಿದರು. ಕೂತು ಓದುವುದು ಗಂಡಸಿಗೆ ತಕ್ಕುದಲ್ಲವೆಂದರು. ಶಾಲೆಯನ್ನು ಧಿಕ್ಕರಿಸಿಯೇ ತಮ್ಮ ತಂದೆಯರಂತೆ ಕಾರ್ಖಾನೆಯ ಮೈಗೆಲಸಕ್ಕೆ ಹೋದರು. ಯಾರೂ ಬಲವಂತ ಮಾಡಲಿಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಇದೇ. ನಮ್ಮ ಊರಿನ ಹುಡುಗ ಅರ್ಧಕ್ಕೆ ಶಾಲೆ ಬಿಟ್ಟಾಗ ‘ಓದು ತಲೆಗೆ ಹತ್ತಲಿಲ್ಲ’ ಎಂದು ನಾವು ಎಷ್ಟು ಸುಲಭವಾಗಿ ಹೇಳಿಬಿಡುತ್ತೇವೆ!

ಇಟಲಿಯ ಗ್ರಾಮ್ಶಿ 11ನೆಯ ವಯಸ್ಸಿನಲ್ಲಿ ಓದು ನಿಲ್ಲಿಸಿ ಕಚೇರಿಯೊಂದರಲ್ಲಿ ಭಾರವಾದ ಕಡತಗಳನ್ನು ಹೊತ್ತವರು. ಮುಂದೆ ಸೆರೆಮನೆಯಲ್ಲಿ ಬರೆದ ಟಿಪ್ಪಣಿಗಳಲ್ಲಿ, ಬಡವರ ಮಕ್ಕಳಿಗೆ ಬೇಗನೆ ಕಸುಬು ಕಲಿಸಿ ಕಳುಹಿಸುವ ಶಾಲೆಗಳನ್ನು ಅವರು ಒಪ್ಪಲಿಲ್ಲ. ಎಲ್ಲ ಮಕ್ಕಳಿಗೂ ಒಂದೇ ಶಾಲೆ, ಅದರಲ್ಲಿ ಕಠಿಣವಾದ ಓದು, ಇವೆರಡನ್ನೂ ಕೇಳಿದರು.