ಅಮೆರಿಕದವರಿಗೆ ಆ ಕೋವಿ ಯಾಕೆ ಬೇಕು?

(ಮೈಸೂರಿನಲ್ಲಿ ಹಿರಿಯ ನಾಗರಿಕರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಂದಿನ ವಿಷಯ ಕೇಳಿ ನಿಮ್ಮಲ್ಲಿ ಕೆಲವರು ಹುಬ್ಬೇರಿಸಿದ್ದನ್ನು ಗಮನಿಸಿದ್ದೇನೆ. ಇತಿಹಾಸದ ಮೇಷ್ಟ್ರು ಹೊಯ್ಸಳರನ್ನೂ ವಿಜಯನಗರವನ್ನೂ ಬಿಟ್ಟು ಅಮೆರಿಕದ ಕೋವಿಯ ಬೆನ್ನು ಹತ್ತಿದ್ದೇಕೆ? ಕಾರಣ ನನ್ನ ಮನೆಯದೇ. ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದ ಹತ್ತಿರ ನನ್ನ ಮಗಳ ಸಂಸಾರವಿದೆ. 2022ರ ಬೇಸಿಗೆಯಲ್ಲಿ ನಾನು ಅಲ್ಲಿದ್ದೆ. ಒಂದು ಸಂಜೆ ಅಳಿಯ ಬಟ್ಟೆ ಇಡುವ ಕೋಣೆಯ ಮೂಲೆಯಲ್ಲಿದ್ದ ಕಬ್ಬಿಣದ ಪೆಟ್ಟಿಗೆ ತೆರೆದು ಒಂದು ಕಪ್ಪು ರೈಫಲನ್ನು ಹೊರಗೆ ತೆಗೆದ. ಹಾಸನ ಜಿಲ್ಲೆಯ ಹುಡುಗ, ಮೊಟ್ಟೆಯನ್ನೂ ಮುಟ್ಟದವನು, ಮನೆಯಲ್ಲಿ ಜಿರಲೆ ಕಂಡರೆ ಹೆಂಡತಿಯನ್ನು ಕೂಗಿ ಕರೆಯುವವನು. "ನಿಮಗೆ ಇದು ಯಾಕೆ ಬೇಕಿತ್ತು?" ಎಂದೆ. "ಮಾವ, ಇಲ್ಲಿ ಹಾಗೆ ಯಾರೂ ಕೇಳುವುದಿಲ್ಲ" ಎಂದ. ಅದು ಉತ್ತರವಾಗಿರಲಿಲ್ಲ. ಅಂದಿನಿಂದ ಉತ್ತರ ಹುಡುಕುತ್ತಾ ಓದಿದ್ದನ್ನೇ ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ವಸ್ತು ಯಾವುದೆಂದು ತಿಳಿಯೋಣ. ಮಲೆನಾಡಿನವರಿಗೆ ಕೇಪಿನ ಕೋವಿ ಗೊತ್ತು. ನಳಿಗೆಯ ಬಾಯಿಂದ ಮದ್ದು ಸುರಿದು, ನಾರು ತುರುಕಿ, ಚರೆ ಹಾಕಿ, ಗಜದಿಂದ ಜಡಿದು, ಕೇಪು ಕೂರಿಸಿ ಈಡು ಹೊಡೆಯುವಷ್ಟರಲ್ಲಿ ಹಂದಿ ಪಕ್ಕದ ಊರು ಸೇರಿರುತ್ತದೆ. ತೋಟೆ ಕೋವಿ ಬಂದ ಮೇಲೆ ಕೆಲಸ ಹಗುರವಾಯಿತು. ಆದರೂ ಒಂದೋ ಎರಡೋ ಈಡಿಗೊಮ್ಮೆ ತೋಟೆ ಬದಲಿಸಲೇಬೇಕು. ಅರೆಸ್ವಯಂಚಾಲಿತ ರೈಫಲಿನಲ್ಲಿ ಈ ದುಡಿಮೆಯನ್ನು ಸಿಡಿದ ಮದ್ದಿನ ಶಕ್ತಿಯೇ ಮಾಡುತ್ತದೆ. ಈಗ ನಾನು ಹೇಳುವ ರೈಫಲಿನಲ್ಲಿ, ಗುಂಡನ್ನು ತಳ್ಳಿದ ಅನಿಲದಲ್ಲಿ ಸ್ವಲ್ಪ ಪಾಲು ನಳಿಗೆಯ ಸಣ್ಣ ರಂಧ್ರದಿಂದ ಹಿಂದಕ್ಕೆ ಬಂದು, ಬರಿದಾದ ತೋಟೆಯನ್ನು ಹೊರಗೆಸೆದು, ಹೊಸದು ಒಳಗೆ ಬರುವಂತೆ ಮಾಡುತ್ತದೆ. ಟ್ರಿಗರ್ ಒಮ್ಮೆ ಎಳೆದರೆ ಒಂದೇ ಗುಂಡು. ಆದರೆ ಮತ್ತೆ ಎಳೆಯಲು ಬೆರಳು ಆಡಿಸುವುದಷ್ಟೇ ಕೆಲಸ. ಎಳೆದು ಹಿಡಿದರೆ ಗುಂಡಿನ ಮಳೆ ಸುರಿಸುವ ಮಷಿನ್ ಗನ್ ಬೇರೆ. ಅದರ ಮೇಲೆ ಅಮೆರಿಕ 1934ರಲ್ಲೇ 200 ಡಾಲರಿನ ಭಾರೀ ತೆರಿಗೆ ಹೇರಿತು. 1986ರಿಂದ ಹೊಸದಾಗಿ ತಯಾರಾದದ್ದನ್ನು ಸಾಮಾನ್ಯ ಪ್ರಜೆಗೆ ಮಾರುವಂತಿಲ್ಲ.

ಅರೆಸ್ವಯಂಚಾಲಿತ ರೈಫಲುಗಳು ಅಲ್ಲಿನ ಬೇಟೆಗಾರರ ಕೈಗೆ 20ನೆಯ ಶತಮಾನದ ಮೊದಲ ದಶಕದಲ್ಲೇ ಬಂದಿದ್ದವು. ಅವುಗಳ ಬಗ್ಗೆ ಯಾರೂ ಬೀದಿಗಿಳಿದು ಜಗಳವಾಡಲಿಲ್ಲ. ಜಗಳ ಹುಟ್ಟಿದ್ದು ಎಆರ್-15 ಎಂಬ ಒಂದು ಮಾದರಿಯ ಸುತ್ತ. ಎಆರ್ ಎಂದರೆ ಅಸಾಲ್ಟ್ ರೈಫಲ್ ಎಂದು ಪತ್ರಿಕೆಗಳವರೂ ಬರೆಯುವುದುಂಟು, ಅದು ತಪ್ಪು. ಕ್ಯಾಲಿಫೋರ್ನಿಯಾದ ಆರ್ಮಲೈಟ್ ಎಂಬ ಸಣ್ಣ ಸಂಸ್ಥೆಯ ಹೆಸರಿನಿಂದ ಬಂದ ಅಕ್ಷರಗಳವು. ಅದು ವಿಮಾನ ತಯಾರಿಸುವ ಕಂಪನಿಯೊಂದರ ಅಂಗಸಂಸ್ಥೆ. ಅಲ್ಲಿದ್ದ ಯೂಜೀನ್ ಸ್ಟೋನರ್ 1950ರ ದಶಕದಲ್ಲಿ, ಉಕ್ಕು ಮತ್ತು ಮರದ ಜಾಗದಲ್ಲಿ ಅಲ್ಯುಮಿನಿಯಂ ಮತ್ತು ಪ್ಲಾಸ್ಟಿಕ್ ಬಳಸಿ, ಮೂರು ಕಿಲೋ ಆಸುಪಾಸಿನ ಸೈನಿಕ ರೈಫಲನ್ನು ರೂಪಿಸಿದ. 1959ರಲ್ಲಿ ಹಕ್ಕು ಕೋಲ್ಟ್ ಕಂಪನಿಗೆ ಹೋಯಿತು. ಸೈನ್ಯಕ್ಕೆ ಹೋದದ್ದು ಎಂ-16 ಎಂಬ ಹೆಸರಿನಲ್ಲಿ ವಿಯೆಟ್ನಾಂ ಕಾಡು ಸೇರಿತು. ಮಳೆಗುಂಡಿನ ಶಕ್ತಿ ಕಳೆದು ಒಂದೊಂದೇ ಗುಂಡು ಹಾರಿಸುವಂತೆ ಮಾಡಿದ್ದು 1960ರ ದಶಕದಲ್ಲೇ ಅಂಗಡಿಗೆ ಬಂತು. 1977ರಲ್ಲಿ ಪೇಟೆಂಟ್ ಅವಧಿ ಮುಗಿದ ಮೇಲೆ ಯಾರು ಬೇಕಾದರೂ ತಯಾರಿಸಬಹುದಾಯಿತು. ಇಂದು ಆ ಮಾದರಿಯ 2 ಕೋಟಿಗೂ ಹೆಚ್ಚು ರೈಫಲುಗಳು ಜನರ ಕೈಯಲ್ಲಿವೆ ಎಂಬುದು ಉದ್ಯಮದವರ ಅಂದಾಜು.

ಕೊಂಡವರನ್ನು ಕೇಳಿದರೆ ಮೊದಲು ಬರುವುದು ಬಳಕೆಯ ಮಾತು. ಇದರ ಗುಂಡಿನ ತೂಕ ಮೂರೂವರೆ ಗ್ರಾಂ ಆಸುಪಾಸು. ಹಾಗಾಗಿ ಹೆಗಲಿಗೆ ಒದೆತ ಕಡಿಮೆ. ಹೆಂಗಸರು, ವಯಸ್ಸಾದವರು, ಹೊಸಬರು ಯಾರು ಹಿಡಿದರೂ ಅರ್ಧ ದಿನದಲ್ಲಿ ಗುರಿ ಕೂಡುತ್ತದೆ. ಸೈನ್ಯದಲ್ಲಿ ಇದರ ಅಣ್ಣನನ್ನು ಹಿಡಿದು ಪಳಗಿದ ಲಕ್ಷಾಂತರ ಜನರಿಗೆ ಊರಿಗೆ ಬಂದ ಮೇಲೂ ಅದೇ ಕೈಗೆ ಒಗ್ಗುತ್ತದೆ. ಇನ್ನೊಂದು ಆಕರ್ಷಣೆ, ಬಿಡಿಭಾಗ ಬದಲಿಸುವ ಸುಖ. ನಮ್ಮ ಹುಡುಗರು ಬುಲೆಟ್ ಮೋಟಾರ್ ಸೈಕಲ್ಲಿಗೆ ಹ್ಯಾಂಡಲು, ಸೈಲೆನ್ಸರು ಬದಲಿಸಿ ಭಾನುವಾರ ಕಳೆಯುತ್ತಾರಲ್ಲ, ಹಾಗೆ. ಕಾನೂನಿನ ಕಣ್ಣಿಗೆ ಕೋವಿ ಎಂದರೆ ಟ್ರಿಗರ್ ಕೂರುವ ಕೆಳಗಿನ ಚೌಕಟ್ಟು ಮಾತ್ರ. ನಳಿಗೆ, ಹಿಡಿ, ದುರ್ಬೀನು ಎಲ್ಲವನ್ನೂ ಅಂಚೆಯಲ್ಲಿ ತರಿಸಬಹುದು. ಟೆಕ್ಸಾಸಿನ ರೈತರು ಹೊಲ ಹಾಳುಮಾಡುವ ಕಾಡುಹಂದಿಯ ಹಿಂಡಿಗೆ ಇದನ್ನೇ ಬಳಸುತ್ತಾರೆ. ಹಂದಿ ಕಾಟ ಬಲ್ಲ ನಮ್ಮ ರೈತರು ಈ ಕಾರಣವನ್ನು ತಳ್ಳಿಹಾಕಲಾರರು. ಆದರೆ ಬೇಟೆಯ ವಾದವನ್ನು ಬಹಳ ಎಳೆಯುವಂತಿಲ್ಲ. ಕೆಲವು ರಾಜ್ಯಗಳಲ್ಲಿ ಈ ಸಣ್ಣ ಗುಂಡಿನಿಂದ ಜಿಂಕೆಗೆ ಈಡು ಹೊಡೆಯುವುದೇ ನಿಷಿದ್ಧ. ಅದಕ್ಕಿಂತ ದಪ್ಪ ಗುಂಡು ಬೇಕೆಂಬ ನಿಯಮ.

ಎರಡನೆಯದು ಭಯ. ಪ್ಯೂ ಸಂಶೋಧನಾ ಕೇಂದ್ರದ 2023ರ ಸಮೀಕ್ಷೆಯಲ್ಲಿ, ಯಾವುದೇ ಬಗೆಯ ಕೋವಿ ಇರುವವರಲ್ಲಿ ನೂರಕ್ಕೆ 72 ಮಂದಿ ಆತ್ಮರಕ್ಷಣೆ ಒಂದು ಮುಖ್ಯ ಕಾರಣವೆಂದರು. ಬೇಟೆ ಎಂದವರು 32, ಗುರಿಯ ಆಟ ಎಂದವರು 30. 1992ರಲ್ಲಿ ಲಾಸ್ ಏಂಜಲೀಸ್ ಹೊತ್ತಿ ಉರಿದಾಗ ಪೊಲೀಸರು ಬಾರದೆ ಕೊರಿಯಾ ಮೂಲದ ಅಂಗಡಿಯವರು ಕೋವಿ ಹಿಡಿದು ಮಾಳಿಗೆ ಹತ್ತಿ ಕುಳಿತ ಚಿತ್ರ ಇಂದಿಗೂ ಅಲ್ಲಿನ ವಲಸಿಗರ ಕಣ್ಣಲ್ಲಿದೆ. 2020ರಲ್ಲಿ ಕೊರೋನಾ, ಆಮೇಲೆ ಬೀದಿ ಗಲಭೆ. ಕೋವಿ ಅಂಗಡಿಗಳ ಮುಂದೆ ಸಾಲು ನಿಂತವರಲ್ಲಿ ಮೊದಲ ಬಾರಿ ಕೊಳ್ಳುವವರು, ಕರಿಯರು, ಏಷ್ಯಾದವರು, ಹೆಂಗಸರು ಬಹಳ ಮಂದಿ. ನನ್ನ ಅಳಿಯನೂ ಆ ಸಾಲಿನಲ್ಲಿದ್ದ. ಗ್ರೀನ್ ಕಾರ್ಡ್ ಬಂದವರಿಗೆ ಕೊಳ್ಳಲು ಅಡ್ಡಿಯಿಲ್ಲ. ಒಂದು ಅರ್ಜಿ ತುಂಬಿ, ಕಂಪ್ಯೂಟರಿನಲ್ಲಿ ಪೂರ್ವಾಪರ ಪರಿಶೀಲನೆಯಾಗಿ, ಗಂಟೆಯೊಳಗೆ ರೈಫಲು ಕಾರಿನ ಡಿಕ್ಕಿಯಲ್ಲಿತ್ತಂತೆ. ನಮ್ಮಲ್ಲಿ ರೇಷನ್ ಕಾರ್ಡಿನಲ್ಲಿ ಹೆಸರು ತಿದ್ದಿಸಿದವರು ಇದನ್ನು ನಂಬಲಾರರು.

ಮೂರನೆಯ ಕಾರಣವೇ ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು. ಅದಕ್ಕೆ ಇತಿಹಾಸದ ಬೇರಿದೆ. 1775ರ ಏಪ್ರಿಲ್ 18ರ ರಾತ್ರಿ ಬ್ರಿಟಿಷ್ ಸಿಪಾಯಿಗಳು ಬಾಸ್ಟನ್ನಿನಿಂದ ಹೊರಟದ್ದು ಕಾಂಕರ್ಡ್ ಎಂಬ ಊರಿನಲ್ಲಿ ಜನ ಕೂಡಿಟ್ಟಿದ್ದ ಮದ್ದುಗುಂಡನ್ನು ವಶಪಡಿಸಿಕೊಳ್ಳಲು. ರೈತರು ಕೋವಿ ಹಿಡಿದು ಎದುರಾದರು. ಅಲ್ಲಿಂದ ಸ್ವಾತಂತ್ರ್ಯ ಯುದ್ಧ. ಆ ದೇಶದ ಹುಟ್ಟಿನ ಕಥೆಯೇ ಆಯುಧ ಕಸಿಯಲು ಬಂದ ಸರ್ಕಾರದ ಕಥೆ. 1791ರಲ್ಲಿ ಸಂವಿಧಾನದ ಎರಡನೆಯ ತಿದ್ದುಪಡಿ ಆಯುಧ ಹೊಂದುವ ಹಕ್ಕನ್ನು ಬರೆದಿಟ್ಟಿತು. 2008ರಲ್ಲಿ ಸುಪ್ರೀಂ ಕೋರ್ಟು ಅದು ನಾಗರಿಕ ಸೇನೆಗಷ್ಟೇ ಅಲ್ಲ, ಪ್ರತಿ ವ್ಯಕ್ತಿಗೂ ಸೇರಿದ್ದೆಂದು ಹೇಳಿತು.

ಇಲ್ಲಿ ನಮ್ಮ ಕೊಡಗನ್ನು ನೆನೆಯಬೇಕು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಲ್ಲದೆ ಕೋವಿ ಇಡುವ ಅವಕಾಶ 1861ರಷ್ಟು ಹಿಂದಿನದು. ಕೈಲ್ ಮುಹೂರ್ತದಲ್ಲಿ ಅದಕ್ಕೆ ಪೂಜೆ, ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಅಲ್ಲೂ ಕೋವಿ ಎಂದರೆ ಬರೀ ಕಬ್ಬಿಣವಲ್ಲ, ಮನೆತನದ ಮಾನ. ಆದರೆ ಕಾನೂನಿನ ಭಾಷೆಯಲ್ಲಿ ಅದು ವಿನಾಯಿತಿ. ಸರ್ಕಾರ ಕೊಟ್ಟದ್ದು, 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದ್ದು, ಬೇಡವೆಂದರೆ ಹಿಂದಕ್ಕೆ ಪಡೆಯಬಹುದಾದದ್ದು. ಅಮೆರಿಕದವನ ಮನಸ್ಸಿನಲ್ಲಿ ಕೋವಿ ಸರ್ಕಾರ ಕೊಟ್ಟದ್ದಲ್ಲ, ಸರ್ಕಾರದ ಎದುರಿಗೆ ಇಟ್ಟುಕೊಂಡದ್ದು. ಈ ವ್ಯತ್ಯಾಸ ಹಿಡಿಯದೆ ನಾವು ಅವರನ್ನು ಹುಚ್ಚರೆಂದು ಬೈಯುತ್ತೇವೆ.

ಹಾಗೆಂದು ಈ ಹಕ್ಕಿನ ಮಾತು ಎಲ್ಲ ಕಾಲಕ್ಕೂ ಎಲ್ಲರಿಗೂ ಒಂದೇ ಆಗಿರಲಿಲ್ಲ. 1967ರಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಕರಿಯ ಯುವಕರು ಕೋವಿ ಹಿಡಿದು ಕ್ಯಾಲಿಫೋರ್ನಿಯಾದ ಬೀದಿಗಿಳಿದಾಗ, ಗುಂಡು ತುಂಬಿದ ಕೋವಿಯನ್ನು ಬಹಿರಂಗವಾಗಿ ಒಯ್ಯುವುದನ್ನು ನಿಷೇಧಿಸುವ ಮಸೂದೆಗೆ ಸಹಿ ಹಾಕಿದವರು ಗವರ್ನರ್ ರೊನಾಲ್ಡ್ ರೇಗನ್.

1994ರಲ್ಲಿ ಕ್ಲಿಂಟನ್ ಸರ್ಕಾರ ಇಂಥ ರೈಫಲುಗಳ ಹೊಸ ತಯಾರಿಕೆ ಮತ್ತು ಮಾರಾಟವನ್ನು ಹತ್ತು ವರ್ಷ ನಿಷೇಧಿಸಿತು. ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯುವ ಹೊಸ ಮ್ಯಾಗಜಿನ್ನೂ ಬೇಡವೆಂದಿತು. ಆದರೆ ಯಾವುದನ್ನು ನಿಷೇಧಿಸುವುದು? ಬಿಚ್ಚಿ ಬದಲಿಸುವ ಮ್ಯಾಗಜಿನ್ ಇರುವ ರೈಫಲಿಗೆ ಪಿಸ್ತೂಲಿನಂಥ ಹಿಡಿ, ಮಡಚುವ ಹಿಂಗೈ, ಬಯೊನೆಟ್ ಕೂರಿಸುವ ಕೊಂಡಿ ಮುಂತಾದವುಗಳಲ್ಲಿ ಎರಡಿದ್ದರೆ ನಿಷಿದ್ಧ ಎಂದು ಕಾನೂನು ಬರೆದರು. ತಯಾರಕರು ಕೊಂಡಿ ಕಿತ್ತುಹಾಕಿ ಅದನ್ನೇ ಮಾರಿದರು. ಅದಕ್ಕಿಂತ ದೊಡ್ಡ ಪರಿಣಾಮವೆಂದರೆ, ಅದುವರೆಗೆ ಹಲವು ಬೇಟೆಗಾರರೇ ಪ್ಲಾಸ್ಟಿಕ್ ಆಟಿಕೆಯೆಂದು ಮೂಗು ಮುರಿಯುತ್ತಿದ್ದ ವಸ್ತು, ಸರ್ಕಾರ ಬೇಡವೆಂದ ಕಾರಣಕ್ಕೇ ಬೇಕಾದ ವಸ್ತುವಾಯಿತು. 2004ರಲ್ಲಿ ಕಾನೂನು ಅವಧಿ ಮುಗಿದು ಬಿದ್ದುಹೋಯಿತು, ಮಾರಾಟ ಏರಿತು. 2008ರಲ್ಲಿ ಒಬಾಮಾ ಗೆದ್ದರು; ಏರಿತು. 2012ರ ಡಿಸೆಂಬರಿನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, 6 ಮಂದಿ ಹಿರಿಯರು ಇದೇ ಮಾದರಿಯ ರೈಫಲಿಗೆ ಬಲಿಯಾದರು. ಇನ್ನು ನಿಷೇಧ ಬಂದೇ ಬರುತ್ತದೆಂದು ಜನ ಅಂಗಡಿಗೆ ನುಗ್ಗಿದರು. ನಿಷೇಧ ಬರಲಿಲ್ಲ. ಆ ತಿಂಗಳ ಪರಿಶೀಲನೆಯ ಅರ್ಜಿಗಳ ಸಂಖ್ಯೆ ಅಂದಿಗೆ ದಾಖಲೆ. ಉದ್ಯಮದವರು ಈ ಹೊತ್ತಿಗೆ ಅದಕ್ಕೆ "ಆಧುನಿಕ ಕ್ರೀಡಾ ರೈಫಲ್" ಎಂದು ಮರುನಾಮಕರಣವನ್ನೂ ಮಾಡಿದ್ದರು.

ಒಂದು ಮಾತು ನ್ಯಾಯಕ್ಕಾಗಿ ಹೇಳಬೇಕು. ಅಮೆರಿಕದಲ್ಲಿ ಕೋವಿಯಿಂದಾಗುವ ಕೊಲೆಗಳಲ್ಲಿ ಬಹುಪಾಲು ಕೈಪಿಸ್ತೂಲಿನವು. ಎಲ್ಲ ಬಗೆಯ ರೈಫಲುಗಳನ್ನು ಸೇರಿಸಿದರೂ ಅವುಗಳ ಪಾಲು ನೂರಕ್ಕೆ ಐದನ್ನು ಮುಟ್ಟುವುದಿಲ್ಲ. ಮಾಲೀಕರು ಇದನ್ನು ಸರಿಯಾಗಿಯೇ ಎತ್ತಿ ತೋರಿಸುತ್ತಾರೆ. ಅವರು ಹೇಳದೆ ಬಿಡುವುದು ಬೇರೆ. ಶಬ್ದದ ಸುಮಾರು ಮೂರು ಪಟ್ಟು ವೇಗದಲ್ಲಿ ಬರುವ ಆ ಸಣ್ಣ ಗುಂಡು ಮೈಯೊಳಗೆ ಮಾಡುವ ಹಾನಿಯನ್ನು ಪಿಸ್ತೂಲಿನ ಗುಂಡು ಮಾಡಲಾರದು. 2017ರಲ್ಲಿ ಲಾಸ್ ವೇಗಸ್‌ನಲ್ಲಿ ಒಬ್ಬನೇ ಮನುಷ್ಯ ಹೋಟೆಲಿನ ಕಿಟಕಿಯಿಂದ ಹತ್ತು ಹನ್ನೊಂದು ನಿಮಿಷದಲ್ಲಿ ಸಾವಿರಕ್ಕೂ ಹೆಚ್ಚು ಗುಂಡು ಹಾರಿಸಿದ. 60 ಜನ ಸತ್ತರು. ರೈಫಲಿಗೆ ಅವನು ಜೋಡಿಸಿದ್ದ ಬಂಪ್ ಸ್ಟಾಕ್ ಎಂಬ ಸಾಧನವನ್ನು ಸರ್ಕಾರ ನಿಷೇಧಿಸಿತು. 2024ರಲ್ಲಿ ಸುಪ್ರೀಂ ಕೋರ್ಟು ಆ ನಿಷೇಧವನ್ನು ರದ್ದು ಮಾಡಿತು.

ನಾನು ಅಲ್ಲಿದ್ದಾಗಲೇ, 2022ರ ಮೇ 24ರಂದು, ಅದೇ ಟೆಕ್ಸಾಸಿನ ಉವಾಲ್ಡೆ ಎಂಬ ಸಣ್ಣ ಊರಿನ ಶಾಲೆಯಲ್ಲಿ 19 ಮಕ್ಕಳು ಮತ್ತು ಇಬ್ಬರು ಶಿಕ್ಷಕಿಯರು ಹತರಾದರು. ಕೊಂದವನಿಗೆ 18 ವರ್ಷ. ಆಗ ಅಲ್ಲಿ ಅಂಗಡಿಯಲ್ಲಿ ಪಿಸ್ತೂಲು ಕೊಳ್ಳಲು 21 ಆಗಬೇಕಿತ್ತು, ರೈಫಲಿಗೆ 18 ಸಾಕಿತ್ತು. ಸುದ್ದಿ ಬಂದ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಎಂಟು ವರ್ಷದ ಮೊಮ್ಮಗಳು ಮಾತ್ರ, "ತಾತ, ನಮಗೆ ಗೊತ್ತು. ದೀಪ ಆರಿಸಬೇಕು, ಬಾಗಿಲಿಗೆ ಕಾಣದ ಮೂಲೆಯಲ್ಲಿ ಕೂರಬೇಕು, ಅಳಬಾರದು" ಎಂದು ಶಾಲೆಯಲ್ಲಿ ಕಲಿಸಿದ್ದನ್ನು ಒಪ್ಪಿಸಿದಳು.

ಆಮೇಲೆ ತಿಳಿದುಬಂದದ್ದು: ಸುತ್ತಮುತ್ತಲಿನಿಂದ 376 ಮಂದಿ ಪೊಲೀಸರು, ಅಧಿಕಾರಿಗಳು ಬಂದಿದ್ದರು, 77 ನಿಮಿಷ ಒಳಗೆ ನುಗ್ಗಲಿಲ್ಲ. ಎದುರಿಗಿರುವುದು ಎಆರ್ ಎಂಬ ಭಯವೇ ಕಾರಣವೆಂದು ಕೆಲವರು ತನಿಖೆಯಲ್ಲಿ ಒಪ್ಪಿಕೊಂಡರು. "ನೋಡಿದಿರಾ ಮಾವ, ಕಷ್ಟ ಬಂದರೆ ಪೊಲೀಸರನ್ನು ನಂಬುವ ಹಾಗಿಲ್ಲ" ಎಂದ ಅಳಿಯ. "ಪೊಲೀಸರೇ ಹೆದರುವ ಕೋವಿ ಅಂಗಡಿಯಲ್ಲಿ ಯಾಕೆ ಸಿಗಬೇಕು?" ಎಂದಳು ಮಗಳು. ಇಬ್ಬರೂ ಓದಿದ್ದು ಒಂದೇ ಪತ್ರಿಕೆ. ಆಸ್ಟ್ರೇಲಿಯಾ 1996ರಲ್ಲಿ, ನ್ಯೂಜಿಲೆಂಡ್ 2019ರಲ್ಲಿ, ಒಂದೊಂದು ಹತ್ಯಾಕಾಂಡವಾದ ಕೂಡಲೇ ಈ ಬಗೆಯ ರೈಫಲುಗಳನ್ನು ನಿಷೇಧಿಸಿ, ಹಣ ಕೊಟ್ಟು ಜನರಿಂದ ವಾಪಸು ಪಡೆದವು. ಅಲ್ಲಿ 1791ರ ತಿದ್ದುಪಡಿ ಇರಲಿಲ್ಲ.

ಅಳಿಯ ಕೆಟ್ಟವನಲ್ಲ. ಮೂರ್ಖನೂ ಅಲ್ಲ. ಆದರೂ ಅವನು ಕೊಂಡದ್ದು ತಪ್ಪೆಂದೇ ನಾನು ಭಾವಿಸಿದ್ದೇನೆ, ಅವನಿಗೂ ಹೇಳಿದ್ದೇನೆ. ಎರಡು ವರ್ಷದಲ್ಲಿ ನಾಲ್ಕು ಬಾರಿ ಗುರಿಯ ಮೈದಾನಕ್ಕೆ ಒಯ್ದಿದ್ದನಂತೆ. ಹಾಗಾದರೆ ಮಾರಿಬಿಡಿ ಎಂದೆ. ಆತ ಬಹಳ ಹೊತ್ತು ಯೋಚಿಸಿ, "ಮಾರಬಹುದು ಮಾವ. ನಾಳೆ ಕಾನೂನು ಬಂದು, ಮತ್ತೆ ಬೇಕೆಂದಾಗ ಸಿಗದಿದ್ದರೆ?" ಎಂದ. ನಾನು ಹೊರಡುವ ಮುನ್ನ ಮಗಳು ಪೆಟ್ಟಿಗೆಯ ಬೀಗದ ಅಂಕಿಗಳನ್ನು ಬದಲಾಯಿಸಿದಳು. ಹೊಸ ಅಂಕಿ ಅವಳೊಬ್ಬಳಿಗೇ ಗೊತ್ತು. ಆತ ಈವರೆಗೆ ಕೇಳಿಲ್ಲವಂತೆ.