ಅರಮನೆ ಮೈದಾನದ ಅಬ್ಬರ

ಬೆಳ್ಳಂಬೆಳಗ್ಗೆ ಹೆವಿ ಮೆಟಲ್ ಮಾತೇ ಎಂದು ಹುಬ್ಬೇರಿಸಬೇಡಿ. ಇಂಗ್ಲೆಂಡಿನ ಐರನ್ ಮೇಡನ್ ತಂಡ ಭಾರತದಲ್ಲಿ ಮೊದಲ ಸಲ ಹಾಡಿದ್ದು 2007ರ ಮಾರ್ಚ್ 17ರಂದು, ನಮ್ಮ ಬೆಂಗಳೂರಿನ ಅರಮನೆ ಮೈದಾನದಲ್ಲಿ. ಮುಂಬಯಿಯಲ್ಲಲ್ಲ, ದೆಹಲಿಯಲ್ಲೂ ಅಲ್ಲ. ಆ ಜಂಬ ನನಗಿನ್ನೂ ಇಳಿದಿಲ್ಲ.

ಬಿಸಿಲಿಳಿಯುವ ಮೊದಲೇ ಸಾಲು ಬೆಳೆದಿತ್ತು. ದೂರದ ಊರುಗಳಿಂದ ರೈಲು ಹತ್ತಿ ಬಂದವರು, ಕಾಲೇಜಿಗೆ ಚಕ್ಕರ್ ಹೊಡೆದವರು, ತಲೆ ನರೆತ ಒಬ್ಬಿಬ್ಬರು. ಎಲ್ಲರ ಮೈಮೇಲೂ ಕಪ್ಪು ಟೀಶರ್ಟು. ಊರ ತೇರಿನಂತೆ ಧೂಳು, ನೂಕುನುಗ್ಗಲು. ಕಾಲು ತುಳಿದವನೇ ನೀರಿನ ಬಾಟಲಿಯನ್ನೂ ಚಾಚುತ್ತಿದ್ದ. ದೆಹಲಿಯ ಪರಿಕ್ರಮ ತಂಡ ಮೊದಲೇ ನುಡಿಸಿ ಮೈದಾನವನ್ನು ಕಾಯಿಸಿತ್ತು. ಆಮೇಲೆ ಐರನ್ ಮೇಡನ್ ಗಾಯಕ ಬ್ರೂಸ್ ಡಿಕಿನ್ಸನ್ ವೇದಿಕೆಗೆ ನುಗ್ಗಿದರು. ಮೂರು ಗಿಟಾರುಗಳು ಒಟ್ಟಿಗೆ ಮೊರೆದವು. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲು ಮಾಡಿಕೊಂಡು ಕೇಳುತ್ತಿದ್ದ ಹಾಡುಗಳನ್ನು ಸಾವಿರಾರು ಗಂಟಲುಗಳು ತಪ್ಪಿಲ್ಲದೆ ಹಾಡಿದವು. ಪಕ್ಕದವನ ಭಾಷೆ ಯಾವುದೆಂದು ಯಾರೂ ಕೇಳಲಿಲ್ಲ.

ಮನೆಯ ಮಕ್ಕಳು ಇಂಥ ಕಾರ್ಯಕ್ರಮಕ್ಕೆ ಹೊರಟರೆ ಗದರಬೇಡಿ. ಕಿವಿಗೆ ಇಟ್ಟುಕೊಳ್ಳಲು ಇಯರ್‌ಪ್ಲಗ್ ಕೊಡಿ, ನೀವೂ ಒಮ್ಮೆ ಜೊತೆಗೆ ಹೋಗಿಬನ್ನಿ.