ಬಿಸಿಬೇಳೆ ಬಾತೂ ಬೋರ್‌ವೆಲ್ ನೀರೂ

ಈ ಮಾಲಿಕೆಗೆ ಬರುತ್ತಿರುವ ಪತ್ರಗಳಲ್ಲಿ ಒಂದು ದೂರು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಶನಿವಾರ ರಾತ್ರಿ ಸ್ನೇಹಿತರನ್ನು ಊಟಕ್ಕೆ ಕರೆದಿದ್ದೇವೆ, ಹೆಚ್ಚು ಒದ್ದಾಟ ಇರಬಾರದು, ಆದರೆ ಬಂದವರು ಮೆಚ್ಚಿಕೊಳ್ಳಬೇಕು. ಬಿಸಿಬೇಳೆ ಬಾತ್ ಮಾಡೋಣ ಅಂದರೆ ಬೇಳೆಯೇ ಬೇಯುವುದಿಲ್ಲ, ಏನು ಮಾಡುವುದು ಸ್ವಾಮಿ? ಬರೆದವರು ಚಿಕ್ಕಬಾಣಾವರದವರು, ಅಬ್ಬಿಗೆರೆಯವರು, ಸೋಲದೇವನಹಳ್ಳಿಯವರು. ವಿಳಾಸ ಓದಿದಾಗಲೇ ನನಗೆ ಅರ್ಧ ಉತ್ತರ ಸಿಕ್ಕಿಬಿಟ್ಟಿತು. ನಾನೂ ಚಿಕ್ಕಬಾಣಾವರದವನೇ.

ಬಿಸಿಬೇಳೆ ಬಾತ್ ಆರಿಸಿಕೊಂಡಿದ್ದು ಸರಿ. ಒಂದೇ ಪಾತ್ರೆಯ ಊಟ. ಮೇಲೊಂದಿಷ್ಟು ಖಾರಾಬೂಂದಿ, ಪಕ್ಕದಲ್ಲಿ ಸೌತೆಕಾಯಿ ಮೊಸರುಬಜ್ಜಿ, ಒಂದು ಮಿಳ್ಳೆ ತುಪ್ಪ. ಮದುವೆಮನೆ ಊಟ ಮಾಡಿದಷ್ಟು ತೃಪ್ತಿಯಾಗುತ್ತದೆ. ಪುಡಿ ಮಾಡುವುದು ಹೇಗೆ ಅಂತ ನಾನು ಹೇಳಹೋಗುವುದಿಲ್ಲ, ಅದು ನಿಮ್ಮನಿಮ್ಮ ಮನೆಯಲ್ಲಿ ಇದ್ದೇ ಇರುತ್ತದೆ. ಮರಾಠಿ ಮೊಗ್ಗು ಮರೆಯಬೇಡಿ, ಮೆಣಸಿನಕಾಯಿ ಬ್ಯಾಡಗಿಯದೇ ಇರಲಿ, ಬಣ್ಣ ಬರುತ್ತದೆ, ನಾಲಿಗೆ ಉರಿಯುವುದಿಲ್ಲ. ಇಷ್ಟು ಸಾಕು. ಇನ್ನು ಬೇಳೆಗೆ, ಅದು ಬೇಯುವ ನೀರಿಗೆ ಬರೋಣ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಬಹಳ ವರ್ಷ ಬಾಯ್ಲರ್ ನೀರಿನ ಪರೀಕ್ಷೆ ನೋಡಿಕೊಂಡವನು. ಬೆಳಿಗ್ಗೆ ಮೊದಲ ಕೆಲಸ, ಒಂದು ಗಾಜಿನ ಬುಡ್ಡಿಯಲ್ಲಿ ನೀರು ಹಿಡಿದು ಅದಕ್ಕೆ ಬಣ್ಣದ ಪುಡಿ ಹಾಕುವುದು. ನೀರು ಗಡಸಾಗಿದ್ದರೆ ದ್ರಾಕ್ಷಿರಸದ ಕೆಂಪು. ಮೇಲಿಂದ ಹನಿಹನಿಯಾಗಿ ದ್ರಾವಣ ಬಿಡುತ್ತಾ ಹೋದರೆ ಒಂದು ಹನಿಗೆ ತಟ್ಟನೆ ನೀಲಿ. ಎಷ್ಟು ಹನಿ ಹಿಡಿಯಿತೋ ನೀರಿನಲ್ಲಿ ಅಷ್ಟು ಕ್ಯಾಲ್ಸಿಯಂ, ಮೆಗ್ನೀಸಿಯಂ ಇದೆ ಎಂದು ಲೆಕ್ಕ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು; ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ನಮ್ಮ ಬೀದಿಯ ಬೋರ್‌ವೆಲ್ ನೀರನ್ನು ಒಮ್ಮೆ ಕುತೂಹಲಕ್ಕೆ ಬುಡ್ಡಿಯಲ್ಲಿ ತೆಗೆದುಕೊಂಡು ಹೋಗಿದ್ದೆ. ಹನಿ ಬಿಟ್ಟೂ ಬಿಟ್ಟೂ ಕೈ ಸೋತಿತು. ಬಕೆಟ್ಟಿನ ಅಂಚಿನಲ್ಲಿ, ಗೀಸರ್ ಒಳಗೆ, ಕಾಫಿ ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಹೊಪ್ಪಳೆ ಕಟ್ಟುತ್ತದಲ್ಲ, ಅದು ಈ ಗಡಸುತನದ್ದೇ ಗುರುತು.

ಹೀಗೆ ದಿನವೆಲ್ಲ ಬಾಯ್ಲರಿಗೆ ಮೆದು ನೀರು ಕುಡಿಸುತ್ತಿದ್ದ ನಾನು ಮನೆಯಲ್ಲಿ ಬೇಳೆಗೆ ಅದೇ ಗಡಸು ನೀರು ಹಾಕುತ್ತಿದ್ದೆ. ಒಮ್ಮೆ ನಮ್ಮ ಮನೆಯವರು ತವರಿಗೆ ಹೋಗಿದ್ದರು. ನನ್ನ ಇಬ್ಬರು ಸ್ನೇಹಿತರು ಸಂಸಾರ ಸಮೇತ ಊಟಕ್ಕೆ ಬರುವವರಿದ್ದರು. ಅಕ್ಕಿ, ಬೇಳೆ, ಟೊಮೆಟೊ, ಹುಣಸೆರಸ ಎಲ್ಲ ಒಟ್ಟಿಗೆ ಕುಕ್ಕರಿಗೆ ಸುರಿದು ಎಂಟು ವಿಷಲ್ ಕೂಗಿಸಿದೆ. ಮುಚ್ಚಳ ತೆಗೆದರೆ ಅನ್ನ ಗಂಜಿಯಾಗಿದೆ, ಬೇಳೆ ಮಾತ್ರ ಒಂದೊಂದೂ ಬಿಡಿಬಿಡಿಯಾಗಿ, ಜಲ್ಲಿಯ ಹಾಗೆ. ಸ್ನೇಹಿತ ಒಂದನ್ನು ಬೆರಳಲ್ಲಿ ಒತ್ತಿ ನೋಡಿ, 'ಗುರುವೇ, ಇದು ಬಿಸಿಬೇಳೆ ಬಾತಲ್ಲ, ಬಿಸಿಕಲ್ಲು ಬಾತು' ಅಂದ. ಇವತ್ತಿಗೂ ಸಿಕ್ಕಲ್ಲೆಲ್ಲ ಅದನ್ನೇ ಹೇಳುತ್ತಾನೆ.

ಏನಾಗಿತ್ತು ಅಂದರೆ, ಬೇಳೆಯ ಒಳಗೆ ಲಕ್ಷಾಂತರ ಪುಟ್ಟ ಕೋಣೆಗಳಿವೆ ಅಂದುಕೊಳ್ಳಿ. ಗೋಡೆಗೂ ಗೋಡೆಗೂ ನಡುವೆ ಗಾರೆಯ ಹಾಗೆ ಪೆಕ್ಟಿನ್ ಎಂಬ ಅಂಟು ಇದೆ. ಬೇಯುವುದು ಅಂದರೆ ಆ ಗಾರೆ ಕರಗಿ ಕೋಣೆಗಳು ಒಂದನ್ನೊಂದು ಬಿಟ್ಟುಕೊಡುವುದು. ಗಡಸು ನೀರಿನ ಕ್ಯಾಲ್ಸಿಯಂ ಬಂದು ಆ ಗಾರೆಗೆ ಕಂಬಿ ಕಟ್ಟಿಬಿಡುತ್ತದೆ. ಕಂಬಿ ಕಟ್ಟಿದ ಗಾರೆ ಕರಗುವುದಿಲ್ಲ. ಹುಳಿಯೂ ಅಷ್ಟೇ, ಹುಳಿಯಿರುವ ನೀರಿನಲ್ಲಿ ಪೆಕ್ಟಿನ್ ಕರಗಲು ಒಪ್ಪುವುದಿಲ್ಲ. ಅಂದಮೇಲೆ ಹುಣಸೆ, ಟೊಮೆಟೊ ಎರಡೂ ಬೇಳೆ ಬೆಂದ ಮೇಲೆಯೇ ಬರಬೇಕು. ಇನ್ನೊಮ್ಮೆ ಹೇಳುತ್ತೇನೆ: ಬೇಳೆ ಬೆಂದು ಹಿಸುಕಿದರೆ ಬೆಣ್ಣೆಯಾಗಬೇಕು, ಆಮೇಲೆ ಹುಣಸೆ. ತರಕಾರಿಗೂ ಇದೇ ಮಾತು. ಹುಣಸೆರಸದಲ್ಲಿ ಹಸಿ ಕ್ಯಾರೆಟ್ಟು, ಆಲೂಗಡ್ಡೆ ಹಾಕಿದರೆ ಕುದಿಸಿದಷ್ಟೂ ಗಟ್ಟಿಯಾಗಿಯೇ ಉಳಿಯುತ್ತವೆ.

ಈಗ ಉಪ್ಪು. ಉಪ್ಪು ಹಾಕಿದರೆ ಬೇಳೆ ಬೇಯುವುದಿಲ್ಲ ಅಂತ ನಮ್ಮಜ್ಜಿಯೂ ಹೇಳುತ್ತಿದ್ದರು, ನಿಮ್ಮಜ್ಜಿಯೂ ಹೇಳಿರುತ್ತಾರೆ. ಪಾಪ, ಉಪ್ಪಿನ ಮೇಲೆ ಸುಮ್ಮನೆ ಹೊರಿಸಿದ ಅಪವಾದ. ಕಾರ್ಖಾನೆಯಲ್ಲಿ ನೀರು ಮೆದು ಮಾಡುವ ಯಂತ್ರದೊಳಗೆ ಸಣ್ಣ ಮಣಿಗಳಿರುತ್ತವೆ. ಅವು ನೀರಿನ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತವೆ. ತುಂಬಿಹೋದ ಮೇಲೆ ಅವನ್ನು ತೊಳೆಯುವುದು ಯಾವುದರಿಂದ ಗೊತ್ತೇ? ಉಪ್ಪುನೀರಿನಿಂದ. ಉಪ್ಪಿನ ಸೋಡಿಯಂ ನುಗ್ಗಿ ಕ್ಯಾಲ್ಸಿಯಮ್ಮನ್ನು ಹೊರಗಟ್ಟುತ್ತದೆ. ಬೇಳೆಯಲ್ಲೂ ಅದೇ ನಡೆಯುತ್ತದೆ. ಒಂದು ಲೀಟರ್ ನೀರಿಗೆ ಒಂದು ಚಮಚ ಉಪ್ಪು ಹಾಕಿ ಅರ್ಧ ಗಂಟೆ ತೊಗರಿಬೇಳೆ ನೆನೆಸಿ, ಆ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಬೇಯಿಸಿ. ಕಂಬಿ ಬಿಚ್ಚಿಕೊಳ್ಳುತ್ತದೆ. ನಂಬದಿದ್ದರೆ ಒಂದು ಹಿಡಿ ಬೇಳೆ ಹಾಗೆ, ಒಂದು ಹಿಡಿ ಹೀಗೆ ಬೇಯಿಸಿ ನೋಡಿ.

ಆ ಬೇರೆ ನೀರು ಆರ್‌ಒ ಫಿಲ್ಟರಿನದಾದರೆ ಒಳ್ಳೆಯದು, ಅದರಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ. ಫಿಲ್ಟರ್ ಇಲ್ಲದಿದ್ದರೆ ಹಿಂದಿನ ರಾತ್ರಿಯೇ ನೀರು ಚೆನ್ನಾಗಿ ಕುದಿಸಿ ಆರಲು ಬಿಡಿ, ತಳದಲ್ಲಿ ಕೂತ ಬಿಳಿಯ ಪುಡಿ ಅಲ್ಲೇ ಬಿಟ್ಟು ಮೇಲಿನದನ್ನು ಬಗ್ಗಿಸಿಕೊಳ್ಳಿ. ಗಡಸುತನ ಪೂರ್ತಿ ಹೋಗದು, ಒಂದು ಭಾಗ ಹೋಗುತ್ತದೆ. ಅಡುಗೆ ಸೋಡಾ ಬೇಡ. ಬೇಳೆ ಬೇಗ ಬೇಯುತ್ತದೆ, ನಿಜ; ಜೊತೆಗೆ ಬಿ1 ಜೀವಸತ್ವ ಹಾಳಾಗುತ್ತದೆ, ಸ್ವಲ್ಪ ಹೆಚ್ಚಾದರೆ ಸಾರು ಸೋಪಿನ ರುಚಿ. ಎಣ್ಣೆ ಬಿಟ್ಟರೆ ಬೇಗ ಬೇಯುತ್ತದೆ ಅನ್ನುವವರಿಗೆ ಒಂದು ಮಾತು: ಎಣ್ಣೆ ನೊರೆ ಉಕ್ಕದಂತೆ ತಡೆಯುತ್ತದೆ, ಅಷ್ಟೇ ಅದರ ಕೆಲಸ.

ವಿಷಲ್ ಎಣಿಸುವುದನ್ನೂ ದಯವಿಟ್ಟು ಬಿಡಿ. ನನಗೆ ಇದರಷ್ಟು ಸಿಟ್ಟು ತರಿಸುವುದು ಬೇರೊಂದಿಲ್ಲ. ವಿಷಲ್ ಗಡಿಯಾರವಲ್ಲ. ಉರಿ ದೊಡ್ಡದಿದ್ದರೆ ಎರಡು ನಿಮಿಷಕ್ಕೆ ನಾಲ್ಕು ಕೂಗುತ್ತದೆ, ಸಣ್ಣದಿದ್ದರೆ ಕಾಲು ಗಂಟೆಗೆ ಒಂದು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕುಕ್ಕರಿನೊಳಗೆ ಒತ್ತಡ ಏರಿ 120ರ ಹತ್ತಿರ ಹೋಗುತ್ತದೆ. ಮೊದಲ ವಿಷಲ್ ಬಂದ ಮೇಲೆ ಉರಿ ಸಣ್ಣ ಮಾಡಿ, ಗಡಿಯಾರ ನೋಡಿ ಹತ್ತು ಹನ್ನೆರಡು ನಿಮಿಷ, ಆಮೇಲೆ ತಾನಾಗಿ ತಣಿಯಲಿ. ಇಷ್ಟಾದರೂ ಬೇಯದಿದ್ದರೆ ಬೇಳೆ ಹಳೆಯದು. ಬಿಸಿಲು, ತೇವದಲ್ಲಿ ತಿಂಗಳುಗಟ್ಟಲೆ ಇದ್ದ ಕಾಳಿನಲ್ಲಿ ಆ ಕಂಬಿ ಕಟ್ಟುವ ಕೆಲಸ ಡಬ್ಬಿಯೊಳಗೇ ಮುಗಿದಿರುತ್ತದೆ. ಅಂಗಡಿಯಲ್ಲಿ ಹೊಸ ಫಸಲಿನದು ಕೇಳಿ ತನ್ನಿ. ಕಲಬುರಗಿ ತೊಗರಿಬೇಳೆ ಸಿಕ್ಕರೆ ಅದೇ ಇರಲಿ, 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದದ್ದು.

ಅಯ್ಯೋ, ಬೇಳೆಯಲ್ಲೇ ಸಮಯವೆಲ್ಲ ಹೋಯಿತು. ಬೇಗ ಹೇಳಿಬಿಡುತ್ತೇನೆ. ಒಂದೂವರೆ ಲೋಟ ಅಕ್ಕಿಗೆ ಒಂದು ಲೋಟಕ್ಕಿಂತ ತುಸು ಹೆಚ್ಚು ಬೇಳೆ ಆರು ಜನಕ್ಕೆ ಸಾಕು. ಬೇಳೆ ಬೇರೆ, ಅನ್ನ ಬೇರೆ ಬೇಯಲಿ. ಅನ್ನ ಸ್ವಲ್ಪ ಮೆತ್ತಗಿರಲಿ. ಬೆಂದ ತರಕಾರಿಗೆ ಹುಣಸೆರಸ, ಪುಡಿ, ಉಪ್ಪು, ಚೂರು ಬೆಲ್ಲ ಹಾಕಿ ಹಸಿವಾಸನೆ ಹೋಗುವವರೆಗೆ ಕುದಿಸಿ, ಆಮೇಲೆ ಬೇಳೆ, ಕೊನೆಗೆ ಅನ್ನ. ಒಲೆಯ ಮೇಲಿರುವಾಗ ಸಾರಿನಷ್ಟು ತೆಳ್ಳಗೆ ಕಂಡರೆ ಗಾಬರಿಯಾಗಬೇಡಿ. ಎಲೆಕ್ಟ್ರಾನಿಕ್ ಸಿಟಿಯಿಂದ ಹೊರಟು ಎಂಟಕ್ಕೆ ಬರುತ್ತೇವೆ ಅಂದವರು ಎಂಟಕ್ಕೆ ಗೊರಗುಂಟೆಪಾಳ್ಯದಲ್ಲಿ ನಿಂತಿರುತ್ತಾರೆ. ಅಷ್ಟರಲ್ಲಿ ಅನ್ನ ನೀರೆಲ್ಲ ಹೀರಿ ಸೌಟು ನೆಟ್ಟರೆ ನಿಲ್ಲುವ ಹಾಗಾಗಿರುತ್ತದೆ. ಜಾಲಹಳ್ಳಿ ಕ್ರಾಸ್ ದಾಟಿದೆವು ಅಂತ ಫೋನ್ ಬಂದ ಮೇಲೆ ಒಂದೆರಡು ಲೋಟ ಕುದಿಯುವ ನೀರು ಬೆರೆಸಿ, ತಣ್ಣೀರಲ್ಲ, ಸಣ್ಣ ಉರಿಯಲ್ಲಿ ತಳ ಕೆದಕುತ್ತಾ ಬಿಸಿ ಮಾಡಿ. ಒಗ್ಗರಣೆ ಅವರು ಚಪ್ಪಲಿ ಬಿಡುವ ಹೊತ್ತಿಗೆ ಹಾಕಿ, ಆ ಇಂಗು ಕರಿಬೇವಿನ ಘಮ ಬಾಗಿಲಲ್ಲೇ ಸಿಗಲಿ. ಖಾರಾಬೂಂದಿ ಮಾತ್ರ ಪಾತ್ರೆಗೆ ಸುರಿಯಬೇಡಿ, ತಟ್ಟೆಗೆ ಬಡಿಸಿದ ಮೇಲೆ ಅವರವರೇ ಹಾಕಿಕೊಳ್ಳಲಿ.